ಯುದ್ಧ ಅಲ್ಲಿ, ಬಿಲ್ ಇಲ್ಲಿ: ಲೈಪ್‌ಜಿಗ್‌ನಲ್ಲಿ ಜನರ ಮನಸ್ಸು ಓದಲು ನಾನು ಮಾಡಿದ್ದು

ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಾವು ಕನ್ನಡದವರು ಸೇರಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ವಲಸೆಯನ್ನು ವಿರೋಧಿಸುವ ಬಲಪಂಥದ ಎಎಫ್‌ಡಿ ಪಕ್ಷ ಇಲ್ಲಿ ಇಷ್ಟು ಬೆಳೆದದ್ದು ಯುಕ್ರೇನ್ ಯುದ್ಧದಿಂದಲೇ ಅಲ್ವಾ? ನಮ್ಮ ಗುಂಪಿನಲ್ಲಿ ಕೆಲವರು ಈಗ ಜರ್ಮನ್ ಪೌರತ್ವ ಪಡೆದವರು, ಮೊದಲ ಸಲ ಮತ ಹಾಕುವವರು. ಅವರಿಗೆ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. 2024ರಲ್ಲಿ ನಮ್ಮ ರಾಜ್ಯ ಸ್ಯಾಕ್ಸನಿಯ ಚುನಾವಣೆಗೆ ಮುಂಚೆ, ಆಮೇಲೆ 2025ರ ಫೆಬ್ರವರಿಯ ದೇಶದ ಚುನಾವಣೆಗೆ ಮುಂಚೆ, ಅವರಿಗೆಲ್ಲ ಕೂತು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಹೇಗೆ ತಯಾರಾದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಯುದ್ಧಭೂಮಿಯ ನಕ್ಷೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಸ್ನೇಹಿತರಿಂದ, ಚಳಿಗಾಲದಲ್ಲಿ ಗ್ಯಾಸಿನಿಂದ ಮನೆ ಬೆಚ್ಚಗಿಡುವ ಹೀಟಿಂಗ್‌ನ ಬಿಲ್‌ಗಳನ್ನು ಕೇಳಿ ತೆಗೆದುಕೊಂಡೆ.

ಯುದ್ಧಕ್ಕೆ ಮುಂಚೆ ಜರ್ಮನಿ ತರಿಸಿಕೊಳ್ಳುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 2022ರ ಆಗಸ್ಟ್ ಕೊನೆಗೆ ನಾರ್ಡ್ ಸ್ಟ್ರೀಮ್ 1 ಕೊಳವೆಯಲ್ಲಿ ಗ್ಯಾಸ್ ಬರುವುದು ನಿಂತಿತು. ಆ ಚಳಿಗಾಲವೇ ಜನರಿಗೆ ಬಿಸಿ ಮುಟ್ಟಿಸಿತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಪೂರ್ತಿ ಹಾಗಲ್ಲ. ಇಲ್ಲಿ ಬಾಡಿಗೆ ಮನೆಗಳಲ್ಲಿ ಹೀಟಿಂಗ್‌ಗೆ ತಿಂಗಳು ತಿಂಗಳು ಅಂದಾಜಿನ ಕಂತು ಕಟ್ಟುತ್ತೇವೆ. ನಿಜವಾದ ಲೆಕ್ಕ ಬರುವುದು ವರ್ಷ ಮುಗಿದ ಮೇಲೆ. ಅದನ್ನು ಕಳಿಸಲು ಮನೆ ಮಾಲೀಕರಿಗೆ 12 ತಿಂಗಳ ಗಡುವಿದೆ. ಹಾಗಾಗಿ 2022ರ ಲೆಕ್ಕ ಎಷ್ಟೋ ಮನೆಗಳಿಗೆ ಬಂದದ್ದು 2023ರ ಕೊನೆಯ ಹೊತ್ತಿಗೆ. ಸರ್ಕಾರ ಸಹಾಯ ಮಾಡಲಿಲ್ಲ ಅಂತಲ್ಲ. ಸೆಪ್ಟೆಂಬರ್ ಸಂಬಳದ ಜೊತೆ 300 ಯೂರೋ ಬಂತು, ಡಿಸೆಂಬರಿನ ಕಂತನ್ನು ಸರ್ಕಾರವೇ ಭರಿಸಿತು, ಮುಂದಿನ ವರ್ಷ ಹಳೇ ಬಳಕೆಯ ಶೇ. 80ರಷ್ಟು ಗ್ಯಾಸಿಗೆ ಯೂನಿಟ್‌ಗೆ 12 ಸೆಂಟ್ ಅಂತ ಬೆಲೆ ಕಟ್ಟಿಹಾಕಿತು. ಆದರೆ ಬಂದ ಸಹಾಯ ಬೇಗ ಮರೆಯುತ್ತದೆ, ಕಟ್ಟಬೇಕಾದ ಬಾಕಿ ಮರೆಯುವುದಿಲ್ಲ.

ಬಿಲ್ಲಿನ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದೆ. ಪಕ್ಕದಲ್ಲಿ ಅದೇ ತಿಂಗಳ ದೊಡ್ಡ ಸುದ್ದಿ. ಯುಕ್ರೇನ್‌ಗೆ ಲೆಪರ್ಡ್ ಟ್ಯಾಂಕ್ ಕೊಡುವ ತೀರ್ಮಾನ 2023ರ ಜನವರಿಯದು. ಸಮೀಕ್ಷೆಗಳಲ್ಲಿ ಎಎಫ್‌ಡಿ ಶೇ. 20 ದಾಟಿದ್ದು ಆ ವರ್ಷದ ಬೇಸಿಗೆಯಲ್ಲಿ. ನಡುವೆ ಇದ್ದದ್ದು ಏರಿಸಿದ ಕಂತಿನ ಪತ್ರ, ಹಳೇ ಗ್ಯಾಸ್ ಬಾಯ್ಲರ್ ತೆಗೆದು ವಿದ್ಯುತ್ತಿನಿಂದ ನಡೆಯುವ ಹೀಟ್ ಪಂಪ್ ಹಾಕಿಸಬೇಕಾಗುತ್ತದೆ ಎಂಬ ಭಯ ಹುಟ್ಟಿಸಿದ ಹೀಟಿಂಗ್ ಕಾನೂನಿನ ಜಗಳ, ವಲಸೆಯ ಚರ್ಚೆ. ಹಾಳೆ ನೋಡಿದ ಕೂಡಲೇ ನಮ್ಮವರಿಗೆ ಅರ್ಥವಾಯಿತು. ಯುದ್ಧ ನೇರವಾಗಿ ಮತ ತರುವುದಿಲ್ಲ. ಮನೆಯೊಳಗೆ ಆಗಲೇ ನಡೆಯುತ್ತಿರುವ ಜಗಳಕ್ಕೆ ಅದು ಸೇರಿಕೊಳ್ಳುತ್ತದೆ.

ಎರಡನೆಯ ಕೆಲಸ ಸಮೀಕ್ಷೆ ಓದುವುದು. ಶೇಕಡಾವಾರು ನೋಡುವ ಮೊದಲು ಕೇಳಿದ ಪ್ರಶ್ನೆ ಏನು ಅಂತ ನೋಡಬೇಕು, ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ. ಯುಕ್ರೇನ್‌ಗೆ ಕೊಡುತ್ತಿರುವ ಆಯುಧ ಜಾಸ್ತಿಯಾಯಿತಾ, ಸರಿಯಾಗಿದೆಯಾ, ಸಾಲದಾ ಎಂದು ಎಆರ್‌ಡಿ ಟಿವಿಯ ಸಮೀಕ್ಷೆ ಕೇಳುತ್ತದೆ. ಜರ್ಮನಿಯ ದೂರಗಾಮಿ ಟಾರಸ್ ಕ್ಷಿಪಣಿ ಕೊಡಬೇಕಾ ಅಂತ ಬೇರೆಯಾಗಿ ಕೇಳಿದಾಗ, 2024ರಲ್ಲಿ ಹೆಚ್ಚಿನವರು ಬೇಡ ಅಂದರು. ಯುಕ್ರೇನ್ ಪರ ಇರುವವನೇ ಟಾರಸ್ ಬೇಡ ಅನ್ನಬಹುದು. ಆಯುಧ ಸಾಕು ಅನ್ನುವವಳೇ ನಿರಾಶ್ರಿತರಿಗೆ ಮನೆ ಬಿಟ್ಟುಕೊಟ್ಟಿರಬಹುದು. ಹೌದು ಅಥವಾ ಇಲ್ಲ ಅನ್ನುವ ಎರಡೇ ಡಬ್ಬಿಯಲ್ಲಿ ಇವರನ್ನು ತುಂಬಿದರೆ ಲೆಕ್ಕವೇ ತಪ್ಪುತ್ತದೆ.

ಮೂರನೆಯದು ನನಗೆ ತುಂಬಾ ಕಲಿಸಿದ್ದು: ಬೀದಿಯಲ್ಲಿ ಮಾತಾಡಿಸುವುದು. ನಗರದ ಪಶ್ಚಿಮಕ್ಕೆ ಗ್ರ್ಯೂನಾವ್ ಅಂತ ಬಡಾವಣೆ ಇದೆ, ಪೂರ್ವ ಜರ್ಮನಿಯ ಕಾಲದ ಕಾಂಕ್ರೀಟ್ ಕಟ್ಟಡಗಳದ್ದು. ಚುನಾವಣೆ ಹೊತ್ತಿಗೆ ಅಂಥ ಕಡೆ ಪಕ್ಷಗಳ ಛತ್ರಿ, ಮೇಜು, ಕರಪತ್ರ ಎಲ್ಲ ಬರುತ್ತವೆ. ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಯುದ್ಧದ ಬಗ್ಗೆ ನಾನಾಗಿ ಕೇಳುತ್ತಿರಲಿಲ್ಲ. ಈ ವರ್ಷ ನಿಮಗೆ ಯಾವುದು ಭಾರವಾಯಿತು ಅಂತ ಕೇಳುತ್ತಿದ್ದೆ. ಪುಟಿನ್ ಹೆಸರು ತಾನಾಗಿ ಬರುತ್ತದಾ, ಯಾವ ಮಾತಿನ ಬೆನ್ನಿಗೆ ಬರುತ್ತದೆ ಅಂತ ಕಾಯುತ್ತಿದ್ದೆ. ಒಬ್ಬ ಹಿರಿಯ ಹೆಂಗಸು ಬಾಡಿಗೆಯಿಂದ ಶುರು ಮಾಡಿ, ಬರ್ಲಿನ್ ಗೋಡೆ ಬಿದ್ದ ಮೇಲೆ ಮುಚ್ಚಿದ ತಮ್ಮ ಕಾರ್ಖಾನೆಗೆ ಬಂದು, ಆಮೇಲೆ ಪೂರ್ವ ಜರ್ಮನಿಯ ಶಾಲೆಯಲ್ಲಿ ಕಲಿತ ರಷ್ಯನ್ ಪದ್ಯವೊಂದನ್ನು ಅಲ್ಲೇ ನಿಂತು ಹೇಳಿದರು. ಅವರಿಗೆ ರಷ್ಯಾ ಮೇಲೆ ಪ್ರೀತಿಯೇನೂ ಇರಲಿಲ್ಲ. "ನಮ್ಮನ್ನು ಕೇಳದೆ ಎಲ್ಲ ತೀರ್ಮಾನ ಮಾಡುತ್ತಾರೆ" ಅನ್ನುವ ನೋವಿತ್ತು. ಇಂಥ ಮಾತನ್ನು ಪುಟಿನ್ ಪರ ಅಂತ ಬರೆದುಕೊಳ್ಳುವುದು ಅನ್ಯಾಯ.

ವಿದೇಶಾಂಗ ನೀತಿ ರಾಜ್ಯಗಳ ಕೈಯಲ್ಲಿಲ್ಲ, ಆದರೂ 2024ರಲ್ಲಿ ಇಲ್ಲಿಯ ರಾಜ್ಯ ಚುನಾವಣೆ ನಡೆದದ್ದು ಶಾಂತಿಯ ಮಾತಿನ ಮೇಲೆ. ಆ ವರ್ಷದ ಜನವರಿಯಲ್ಲಿ ಹುಟ್ಟಿದ, ಯುಕ್ರೇನ್‌ಗೆ ಆಯುಧ ಬೇಡ ಎನ್ನುತ್ತಿದ್ದ ಎಡಪಂಥದ ನಾಯಕಿ ಸಾರಾ ವಾಗನ್‌ಕ್ನೆಕ್ಟ್ ಅವರ ಪಕ್ಷ ಸ್ಯಾಕ್ಸನಿಯಲ್ಲಿ ಶೇ. 11.8 ಮತ ಪಡೆಯಿತು. ಪಕ್ಕದ ಟ್ಯೂರಿಂಗಿಯಾದಲ್ಲಿ ಶೇ. 15.8. ಯುಕ್ರೇನ್‌ಗೆ ಆಯುಧ ಕೊಡುವ ಪರ ಇದ್ದ ಸಿಡಿಯು ಪಕ್ಷದವರೇ ಆದ ನಮ್ಮ ಮುಖ್ಯಮಂತ್ರಿ ಮಿಖಾಯೆಲ್ ಕ್ರೆಚ್‌ಮರ್ ಕೂಡ ತಮ್ಮ ಪಕ್ಷದ ದಿಲ್ಲಿಗೆ, ಅಂದರೆ ಬರ್ಲಿನ್ನಿಗೆ, ಹೊಂದದ ಮಾತಾಡಿದರು. ಮಾತುಕತೆ ಬೇಕು, ಯುದ್ಧ ಇದ್ದಲ್ಲೇ ನಿಲ್ಲಲಿ ಅಂದರು. ಇದನ್ನು ಬರೀ ಓಟಿನ ಆಟ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗ್ರ್ಯೂನಾವ್‌ನಲ್ಲಿ ನಾನು ಕೇಳಿದ್ದನ್ನೇ ಅವರೂ ಕೇಳಿರಬೇಕು.

ಬರ್ಲಿನ್ನಿನ ಕೇಂದ್ರ ಸರ್ಕಾರ 2024ರ ನವೆಂಬರ್ 6ರಂದು ಬಿದ್ದದ್ದೂ ಬಜೆಟ್ ಜಗಳದಲ್ಲಿ. ಯುಕ್ರೇನ್‌ಗೆ ಇನ್ನೂ ಹಣ ಕೊಡಲು ಸರ್ಕಾರ ಮಾಡುವ ಸಾಲಕ್ಕೆ ಸಂವಿಧಾನ ಹಾಕಿರುವ ಮಿತಿ ಸಡಿಲಿಸೋಣ ಎಂದರು ಆಗಿನ ಚಾನ್ಸಲರ್ (ದೇಶದ ಪ್ರಧಾನಿಯಂತೆ) ಷೋಲ್ಜ್. ಹಣಕಾಸು ಮಂತ್ರಿ ಲಿಂಡ್ನರ್ ಒಪ್ಪಲಿಲ್ಲ, ಅವರನ್ನು ಷೋಲ್ಜ್ ತೆಗೆದುಹಾಕಿದರು. ಫೆಬ್ರವರಿ ಚುನಾವಣೆಯಲ್ಲಿ ಎಎಫ್‌ಡಿಗೆ ಶೇ. 20.8 ಬಂತು. ವಾಗನ್‌ಕ್ನೆಕ್ಟ್ ಪಕ್ಷಕ್ಕೆ ಸಂಸತ್ತಿಗೆ ಹೋಗಲು ಬೇಕಾದ ಶೇ. 5ರ ಗಡಿ ಕೂದಲೆಳೆಯಲ್ಲಿ ತಪ್ಪಿತು. ಮಾರ್ಚಿನಲ್ಲಿ ಸಂವಿಧಾನವನ್ನೇ ತಿದ್ದಿ, ರಕ್ಷಣಾ ಖರ್ಚಿನ ದೊಡ್ಡ ಪಾಲನ್ನು ಸಾಲದ ಮಿತಿಯಿಂದ ಹೊರಗಿಟ್ಟರು.

ಈಗ ನಮ್ಮವರ ಪ್ರಶ್ನೆ ಬದಲಾಗಿದೆ. 2026ರಿಂದ ಹೊಸ ಸೇನಾ ಸೇವೆ ಕಾನೂನು ಬಂದಿದೆ. 2008ರಲ್ಲಿ ಮತ್ತು ಆಮೇಲೆ ಹುಟ್ಟಿದ ಜರ್ಮನ್ ಪೌರ ಹುಡುಗರು 18 ತುಂಬಿದಾಗ ಸೇನೆ ಕಳಿಸುವ ಪ್ರಶ್ನಾವಳಿಯನ್ನು ತುಂಬಲೇಬೇಕು. ಹುಡುಗಿಯರಿಗೆ ಕಡ್ಡಾಯವಿಲ್ಲ. ಸೇವೆಗೆ ಸೇರುವುದು ಸದ್ಯಕ್ಕೆ ಅವರವರ ಇಷ್ಟ. ಪೌರತ್ವ ಪಡೆದ ಕನ್ನಡದ ಮನೆಗಳಿಗೂ ಆ ಪತ್ರ ಬರುತ್ತದೆ. ಹೀಟಿಂಗ್ ಬಿಲ್‌ಗೆ ಮಾಡಿದಂತೆಯೇ ಇದಕ್ಕೂ ಹೊಸ ಹಾಳೆ ಶುರು ಮಾಡಿದ್ದೇನೆ. ಪತ್ರ ಬಂದ ತಿಂಗಳು, ಮನೆಯಲ್ಲಿ ಅಪ್ಪ ಅಮ್ಮ ಆಡಿದ ಮಾತು, ಹುಡುಗ ಆಡಿದ ಮಾತು, ಮೂರನ್ನೂ ಬೇರೆ ಬೇರೆಯಾಗಿ ಬರೆಯುತ್ತಿದ್ದೇನೆ.