ಗ್ಲಾಡೂ ವರದಿಗೆ ದುಡ್ಡಿಲ್ಲದಾಗ ನಾನು ಮಾಡಿದ್ದು

ಕೆನಡಾದ ಸಸ್ಕಾಚೆವಾನಿನಲ್ಲಿ ಆರೋಪಿಗಳ ಪರ ವಕೀಲಿಕೆ ಶುರುಮಾಡಿ ಹತ್ತು ವರ್ಷದ ಮೇಲಾಯಿತು. ಮೂಲನಿವಾಸಿ ಆರೋಪಿಗೆ ಶಿಕ್ಷೆ ಹಾಕುವ ಮುಂಚೆ ಅವನ ಮನೆತನ, ಸಮುದಾಯ ಅನುಭವಿಸಿದ್ದನ್ನು ಕೋರ್ಟಿಗೆ ತಿಳಿಸುವ ಬರಹವೇ ಗ್ಲಾಡೂ ವರದಿ. 'ಇದು ಕೋರ್ಟಿನಲ್ಲಿ ನಿಲ್ಲೋದಿಲ್ಲ' ಅಂತ ಸೀನಿಯರ್‌ಗಳು ತಲೆಯಾಡಿಸಿದ್ದ ಕ್ರಮ ಈಗ ಮೂರು ಕೇಸುಗಳಲ್ಲಿ ಗೆದ್ದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಸೋತೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ಇಡುತ್ತಿದ್ದ ರೆಸಿಡೆನ್ಶಿಯಲ್ ಶಾಲೆ, ಅರವತ್ತರ ದಶಕದಲ್ಲಿ ಮಕ್ಕಳನ್ನು ಕಿತ್ತು ದತ್ತು ಕೊಟ್ಟದ್ದು ಎಲ್ಲ ಸೇರಿಸಿ ನಲವತ್ತು ಪುಟ ಬರೆದಿದ್ದೆ. ನ್ಯಾಯಾಧೀಶರು ಕೇಳಿದ್ದು ಒಂದೇ: "ಇದರಲ್ಲಿ ಈ ಹುಡುಗ ಎಲ್ಲಿದ್ದಾನೆ?" ಹುಡುಗ ಜೈಲಿಗೆ ಹೋದ. ಆ ಇತಿಹಾಸವನ್ನು ಕೋರ್ಟೇ ಗಮನಕ್ಕೆ ತಗೊಳ್ಳಬೇಕು ಅಂತ ಕೆನಡಾ ಸುಪ್ರೀಂ ಕೋರ್ಟಿನ 2012ರ ಇಪೀಲಿ ತೀರ್ಪಿನಲ್ಲಿದೆ ಅಲ್ವಾ? ನಾನು ಸುಮ್ನೆ ಪುಟ ತುಂಬಿಸಿದ್ದೆ.

ಆಮೇಲೆ 2023ರಲ್ಲಿ ಇನ್ನೊಬ್ಬ ಹುಡುಗ ಅಂಗಡಿ ಒಡೆದ ಕೇಸೊಂದು ಬಂತು. ಇಂಥದ್ದಕ್ಕೆ ಜೈಲಿನ ಬದಲು ಮನೆಯಲ್ಲೇ ಶಿಕ್ಷೆ ಕೇಳುವ ದಾರಿ 2022ರ ತಿದ್ದುಪಡಿಯಿಂದ ಮತ್ತೆ ತೆರೆದಿತ್ತು. ಖಾಸಗಿಯಾಗಿ ವರದಿ ಬರೆಯುವವರು ಸುಮಾರು 5,000 ಡಾಲರ್ ಕೇಳಿದರು. ಕೊಡುವವರಿಲ್ಲ. ನಾನೇ ಹೊರಟೆ. ಅವನ ಮನೆಯವರಿದ್ದ ರಿಸರ್ವ್‌ಗೆ, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ಜಾಗಕ್ಕೆ, ಮೂರು ಗಂಟೆ ದಾರಿ, ನಾಲ್ಕು ಸಲ. ಪೆಟ್ರೋಲಿಗೇ 400 ಡಾಲರ್ ಹತ್ತಿರ ಕೈಬಿಟ್ಟು ಹೋಯಿತು. ಐವತ್ತು ಗಂಟೆ ಕೆಲಸಕ್ಕೆ ಫೀಸಿಲ್ಲ.

ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ಅಜ್ಜಿಯನ್ನು ಕೋಕಮ್ ಅಂತಾರೆ. ಫೋನ್ ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಹುಡುಗನ ಕೋಕಮ್ ಮಾತು ನಿಲ್ಲಿಸಿಬಿಟ್ಟರು. ಮುಂದಿನ ಸಲ ಫೋನ್ ಕಾರಲ್ಲೇ ಬಿಟ್ಟು, ಅವರ ಪದ್ಧತಿಯಂತೆ ಹೊಗೆಸೊಪ್ಪು ಕೈಗಿಟ್ಟು ಕೇಳಿದೆ. ನಮ್ಮಲ್ಲಿ ಎಲೆಅಡಿಕೆ ಕೊಟ್ಟು ಕೇಳುವುದಿಲ್ಲವೇ, ಹಾಗೆ. ಕಂದು ಕಾಗದ ಹಾಸಿ ವಂಶವೃಕ್ಷ ಬರೆಯತೊಡಗಿದೆ. ಯಾರನ್ನು ಎಷ್ಟನೇ ವಯಸ್ಸಿಗೆ ಒಯ್ದರು, ಸಾಕಿದ್ದು ಯಾರು, ಅಷ್ಟೇ. ಕೋಕಮ್ ಪೆನ್ಸಿಲ್ ಇಸಕೊಂಡು, ಶಾಲೆಯಲ್ಲಿ ತಮಗೆ ಕೊಟ್ಟಿದ್ದ ನಂಬರನ್ನು ತಮ್ಮ ಹೆಸರಿನ ಕೆಳಗೆ ತಾವೇ ಬರೆದರು. ಅದಾದಮೇಲೆ ಮಾತು ತಾನಾಗೇ ಬಂತು. ಮೊದಲ ಪ್ರಶ್ನೆ ಏನು ಕೇಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಕೋರ್ಟಿಗೆ ಕೊಟ್ಟಿದ್ದು ಎರಡು ಪುಟ, ಜೊತೆಗೆ ಆ ಕಾಗದ. ಇದಕ್ಕೂ ಕಳ್ಳತನಕ್ಕೂ ಏನು ಸಂಬಂಧ ಅಂದರು ಸರ್ಕಾರಿ ವಕೀಲರು. ನೇರ ಕಾರಣ ಸಾಬೀತು ಮಾಡಬೇಕಿಲ್ಲ ಅಂತ ಇಪೀಲಿಯ ಸಾಲನ್ನೇ ಓದಿದೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಂಡ 1876ರ ಆರನೇ ಒಪ್ಪಂದದಲ್ಲಿ, ಅವರಿಗಾಗಿ ಔಷಧಿ ಪೆಟ್ಟಿಗೆ ಇಡುತ್ತೇವೆ ಅನ್ನುವ ಮಾತಿದೆ. ಕುಡಿತ ಬಿಡಿಸುವ ಚಿಕಿತ್ಸೆಯೂ ಆ ಪೆಟ್ಟಿಗೆಯೊಳಗೇ ಬರಬೇಕು ಅಂತ ವಾದಿಸಿದೆ. ನ್ಯಾಯಾಧೀಶರು ಅದನ್ನು ತೀರ್ಪಿಗೆ ತಗೊಳ್ಳಲಿಲ್ಲ. ಬಿಡುವುದಿಲ್ಲ, ಮತ್ತೆ ಎತ್ತುತ್ತೇನೆ. ಕೊಟ್ಟ ಮಾತು ಕೊಟ್ಟ ಮಾತೇ.

ಹದಿನೆಂಟು ತಿಂಗಳು ಮನೆಯಲ್ಲೇ ಶಿಕ್ಷೆ, ಜೊತೆಗೆ ಚಿಕಿತ್ಸೆ. ಮೂಲ ಕಾಗದ ಕೋರ್ಟಿನ ಫೈಲಿನಲ್ಲಿದೆ. ಕೋಕಮ್ ನಕಲು ಕೇಳಿದರು. ಅಷ್ಟಗಲದ್ದನ್ನು ಪ್ರಿಂಟ್ ಹಾಕಿಸಲು ಹನ್ನೆರಡು ಡಾಲರ್ ಆಯಿತು.