ಹಳೆಯ ರಾಜದೂತ್ 350ರೊಂದಿಗೆ ಮತ್ತೆ ಡ್ರ್ಯಾಗ್ ಪಟ್ಟಿಗೆ ಇಳಿಯುವವರಿಗೆ

ನಿಂತಲ್ಲಿಂದ ಹೊರಟು ಕಾಲು ಮೈಲಿಯನ್ನು, ಎಂದರೆ 402 ಮೀಟರನ್ನು, ನೇರ ಪಟ್ಟಿಯಲ್ಲಿ ಕ್ರಮಿಸುವುದೇ ಡ್ರ್ಯಾಗ್ ಓಟ. ಅಮೆರಿಕದಲ್ಲಿ 1951ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಓಟಕ್ಕೆ ನಿಯಮಗಳ ಚೌಕಟ್ಟು ಒದಗಿಸಿತು. 1964ರ ಪಾಂಟಿಯಾಕ್ ಜಿಟಿಒದಂತಹ ಮಸಲ್ ಕಾರುಗಳ, ಎಂದರೆ ದೊಡ್ಡ ಇಂಜಿನ್ನಿನ ಶಕ್ತಿಶಾಲಿ ಕಾರುಗಳ, ಕಾಲವನ್ನು ನೆನೆಯುವ ಹಳೆಯ ಗಾಡಿಗಳ ಓಟಗಳು ಅಲ್ಲಿ ಇಂದಿಗೂ ನಡೆಯುತ್ತವೆ. ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲೆಸಿದ ನಮ್ಮ ಪೀಳಿಗೆಯ ಕನ್ನಡಿಗರಿಗೆ ಅಂತಹ ಕಾರು ಕೈಗೆಟುಕಿದ್ದಿಲ್ಲ. ನಮ್ಮ ಪಾಲಿಗೆ ಆ ಸ್ಥಾನದಲ್ಲಿದ್ದುದು 1983ರಿಂದ ಎಸ್ಕಾರ್ಟ್ಸ್ ಕಂಪನಿಯು ಯಮಹಾದ ಆರ್‌ಡಿ 350ಯನ್ನು ಆಧರಿಸಿ ತಯಾರಿಸಿದ ರಾಜದೂತ್ 350: 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರು. ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿರುವ ಆ ಗಾಡಿಯನ್ನು ಮತ್ತೆ ಪಟ್ಟಿಗೆ ತರಬೇಕೆಂದಿರುವವರು ಮೊದಲು ಬೇಡಬೇಕಾದುದು ಹೆಚ್ಚಿನ ಶಕ್ತಿಯನ್ನಲ್ಲ. ಪ್ರತಿ ಓಟವೂ ಹಿಂದಿನ ಓಟದಂತೆಯೇ ಬರುವ ಸ್ಥಿರತೆಯನ್ನು. ಅದಿಲ್ಲದೆ ಮಾಡಿದ ಯಾವ ಬದಲಾವಣೆ ಫಲ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಕಾಗದಪತ್ರಗಳ ವಿಚಾರವನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಗಾಡಿ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೋಂದಣಿಯಾಗಿದ್ದು, ಮಹಾರಾಷ್ಟ್ರದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವುದಾದರೆ ನೋಂದಣಿಯಾದ ಊರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಐವತ್ತು ವರ್ಷ ತುಂಬಿದ ಗಾಡಿಗಳಿಗಷ್ಟೇ ಸಿಗುವ ವಿಂಟೇಜ್ ನೋಂದಣಿಯ ಸೌಲಭ್ಯ 1980ರ ದಶಕದ ರಾಜದೂತ್‌ಗೆ ಇನ್ನೂ ಅನ್ವಯಿಸುವುದಿಲ್ಲ. ಸ್ಪರ್ಧೆಗೆ ಇಳಿಯಲು ಭಾರತದ ಮೋಟಾರು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಮಾನ್ಯತೆಯ ಕೂಟವನ್ನೇ ಆರಿಸಿಕೊಂಡು, ಅದು ಕೇಳುವ ಲೈಸೆನ್ಸ್ ಮತ್ತು ವೈದ್ಯಕೀಯ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕು. ನಮ್ಮ ಭಾಗದಲ್ಲಿ ಲೋಣಾವಳಾ ಸಮೀಪದ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ಇಂತಹ ಓಟಗಳು ನಡೆದಿವೆ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ರಾತ್ರಿ ಎಷ್ಟೇ ಖಾಲಿಯಾಗಿ ಕಂಡರೂ ಅಲ್ಲಿ ಪರೀಕ್ಷೆ ಮಾಡಬಾರದು. ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಜೈಲಿಗೂ ದಂಡಕ್ಕೂ ದಾರಿಯಾಗುವ ಅಪರಾಧ.

ಇಂಜಿನ್ನಿನ ಕೆಲಸಕ್ಕೆ ಮಳೆಗಾಲದ ತಿಂಗಳುಗಳೇ ಸೂಕ್ತ. ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದುದು ಕ್ರ್ಯಾಂಕಿನ ಎರಡು ತುದಿಗಳ ಆಯಿಲ್ ಸೀಲ್‌ಗಳನ್ನು, ಏಕೆಂದರೆ ಅವುಗಳ ರಬ್ಬರು ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬಲಗಡೆಯ, ಎಂದರೆ ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಇಂಜಿನ್ನು ಗೇರ್‌ಬಾಕ್ಸಿನ ಎಣ್ಣೆಯನ್ನು ಒಳಗೆಳೆದುಕೊಂಡು ದಟ್ಟವಾದ ಬಿಳಿ ಹೊಗೆ ಉಗುಳುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆಯಾದ್ದರಿಂದ ಅಷ್ಟು ಅಪಾಯಕಾರಿಯಲ್ಲ. ಎಡಗಡೆಯ ಸೀಲ್ ಹೋದಾಗ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ (ಗಾಳಿಯ ಪಾಲು ಹೆಚ್ಚಿ ಪೆಟ್ರೋಲಿನ ಪಾಲು ಇಳಿಯುತ್ತದೆ), ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ವೇಗ ತಕ್ಷಣ ಇಳಿಯುವುದಿಲ್ಲ, ಮತ್ತು ಪಟ್ಟಿಯ ಕೊನೆಯ ನೂರು ಮೀಟರಿನಲ್ಲಿ ಪಿಸ್ಟನ್ ಸೀಜ್ ಆಗಿ, ಎಂದರೆ ಬಿಸಿಗೆ ಸಿಲಿಂಡರಿನಲ್ಲಿ ಸಿಕ್ಕಿಬಿದ್ದು, ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು. ಆದ್ದರಿಂದ ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಬಾಯಿಗಳನ್ನು ಮುಚ್ಚಿ, ಒಳಗೆ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಆರು ನಿಮಿಷ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಮೆಕ್ಯಾನಿಕ್ಕಿನಿಂದ ಕೇಳಿ ಮಾಡಿಸಬೇಕು. ಸೋರುವ ಜಾಗ ಸಾಬೂನಿನ ನೀರಿನಲ್ಲಿ ಗುಳ್ಳೆಯಾಗಿ ಕಾಣುತ್ತದೆ. ಈ ಪರೀಕ್ಷೆ ಅನಗತ್ಯವೆನ್ನುವ ಮೆಕ್ಯಾನಿಕ್ಕಿನ ಕೈಗೆ ಇಂಜಿನ್ನು ಒಪ್ಪಿಸದಿರುವುದೇ ಲೇಸು.

ನಂತರ ಎರಡೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಬೇಕು. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಎರಡೂ ಸಮವಾಗಿವೆಯೇ ಎನ್ನುವುದು ಮುಖ್ಯ. ಶೇಕಡ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೆಡ್ ಬಿಚ್ಚಿ ಬೋರನ್ನು (ಸಿಲಿಂಡರಿನ ಒಳಗೋಡೆಯನ್ನು) ನೋಡಲೇಬೇಕು. ಓವರ್‌ಸೈಜ್ ಪಿಸ್ಟನ್ ಹಾಕಿಸುವುದಾದರೆ ಪಿಸ್ಟನ್ನು ಕೈಗೆ ಬಂದ ಮೇಲೆಯೇ ಅದರ ಅಳತೆಗೆ ಬೋರ್ ಮಾಡಿಸಬೇಕೇ ಹೊರತು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಅಲ್ಲ. ಪುಣೆಯ ನಾನಾ ಪೇಠೆ, ಮುಂಬಯಿಯ ಕುರ್ಲಾದ ಸಿಎಸ್‌ಟಿ ರಸ್ತೆ ಮತ್ತು ಚೋರ್ ಬಜಾರ್‌ಗಳಲ್ಲಿ ಹಳೆಯ ಬಿಡಿಭಾಗಗಳನ್ನು ಹುಡುಕಬಹುದು. ಹುಡುಕುವಾಗ ಗಾಡಿ ಎಚ್‌ಟಿಯೋ (ಹೈ ಟಾರ್ಕ್) ಎಲ್‌ಟಿಯೋ (ಲೋ ಟಾರ್ಕ್) ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೊದಲ ಮಾದರಿ ಸುಮಾರು 30 ಬಿಎಚ್‌ಪಿ, ಎರಡನೆಯದು ಸುಮಾರು 27 ಬಿಎಚ್‌ಪಿ ಶಕ್ತಿಯದು. ಬಿಡಿಭಾಗಗಳನ್ನು ಕಣ್ಣುಮುಚ್ಚಿ ಅದಲುಬದಲು ಮಾಡುವಂತಿಲ್ಲ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ರಂಧ್ರದ ತುಣುಕಾದ ಜೆಟ್ ವಿಚಾರದಲ್ಲಿ ನಮ್ಮ ಪ್ರದೇಶಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಬಹುತೇಕ ಸಮುದ್ರಮಟ್ಟದಲ್ಲಿ ಸರಿಹೊಂದಿಸಿದ ಗಾಡಿಯನ್ನು ಘಾಟಿಯ ಮೇಲೆ 600 ಮೀಟರಿಗೂ ಹೆಚ್ಚು ಎತ್ತರಕ್ಕೆ ಒಯ್ದಾಗ ಅಲ್ಲಿನ ಗಾಳಿ ಶೇಕಡ ಆರರಷ್ಟು ತೆಳುವಾಗಿರುತ್ತದೆ. ಪೆಟ್ರೋಲು ಮಾತ್ರ ಅಷ್ಟೇ ಬರುವುದರಿಂದ ಮಿಶ್ರಣ ದಟ್ಟವಾಗಿ, ಮೇಲಿನ ಆರ್‌ಪಿಎಂನಲ್ಲಿ ಇಂಜಿನ್ನು ಮುಗ್ಗರಿಸುತ್ತದೆ. ಇದಕ್ಕೆ ಸಣ್ಣ ಮೇನ್ ಜೆಟ್ ಪರಿಹಾರವೆಂದು ತೋರಬಹುದು. ಆದರೆ ಇಂದು ಬಂಕುಗಳಲ್ಲಿ ಸಿಗುವ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಿಂದಿನ ಪೆಟ್ರೋಲಿಗಿಂತ ದೊಡ್ಡ ಜೆಟ್ ಬೇಕಾಗುತ್ತದೆ, ಏಕೆಂದರೆ ಎಥನಾಲ್ ಉರಿಯಲು ಬೇಕಾಗುವ ಗಾಳಿ ಕಡಿಮೆ. ಶುದ್ಧ ಪೆಟ್ರೋಲಿನ ಒಂದು ಪಾಲು ತೂಕಕ್ಕೆ 14.7 ಪಾಲಿನಷ್ಟಿರುವ ಗಾಳಿಯ ಅನುಪಾತ ಈ ಮಿಶ್ರಣಕ್ಕೆ 13.5ರ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಎತ್ತರ ಒಂದು ಕಡೆಗೂ ಎಥನಾಲ್ ಇನ್ನೊಂದು ಕಡೆಗೂ ಎಳೆಯುವುದರಿಂದ, 1980ರ ದಶಕದಲ್ಲಿ ಬರೆದಿಟ್ಟ ಜೆಟ್ ಸಂಖ್ಯೆ ಇಂದು ಆರಂಭದ ಅಂದಾಜಿಗಷ್ಟೇ ಉಪಯೋಗ. ಮೂರು ನಾಲ್ಕು ಅಳತೆಯ ಜೆಟ್‌ಗಳನ್ನು ಜೊತೆಗೊಯ್ದು, ದೊಡ್ಡದರಿಂದ ಆರಂಭಿಸಿ, ಒಂದೊಂದೇ ಅಳತೆ ಕೆಳಗಿಳಿಯಬೇಕು. ಹೊಸ ಪ್ಲಗ್ ಹಾಕಿ, ಅಭ್ಯಾಸದ ಓಟದಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಗೆರೆ ದಾಟಿದೊಡನೆ ಕ್ಲಚ್ ಹಿಡಿದು ಇಂಜಿನ್ ಆರಿಸಿ, ಗಾಡಿ ನಿಂತ ಮೇಲೆ ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡವನ್ನು ನೋಡಿ. ತಿಳಿಗಂದು ಉಂಗುರ ಕಂಡರೆ ಸರಿ. ಪಿಂಗಾಣಿ ಬೆಳ್ಳಗೆ ಹೊಳೆಯುತ್ತಿದ್ದರೆ ದೊಡ್ಡ ಜೆಟ್ ಹಾಕುವವರೆಗೆ ಮತ್ತೊಂದು ಓಟ ಬೇಡ.

ಇಗ್ನಿಷನ್ನಿನಲ್ಲಿ ಎರಡು ಸಿಲಿಂಡರಿಗೆ ಕಿಡಿಯ ಹೊತ್ತನ್ನು ನಿರ್ಧರಿಸುವ ಎರಡು ಪ್ರತ್ಯೇಕ ಪಾಯಿಂಟ್‌ಗಳಿವೆ. ಎರಡರ ಟೈಮಿಂಗನ್ನೂ ಡಯಲ್ ಗೇಜಿನಿಂದ ಬೇರೆಬೇರೆಯಾಗಿ ಹೊಂದಿಸಬೇಕು. ಪ್ಲಗ್ ಆರಿಸುವಾಗ ಎನ್‌ಜಿಕೆ ಪ್ಲಗ್ಗುಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪಿನದು, ಎಂದರೆ ಶಾಖವನ್ನು ಬೇಗ ಹೊರಬಿಡುವಂಥದು, ಎಂಬುದನ್ನು ನೆನಪಿಡಿ.

ಸೈಲೆನ್ಸರ್ ಬದಲಿಸಿ ಎಕ್ಸ್‌ಪಾನ್ಷನ್ ಚೇಂಬರ್ (ಟೂ ಸ್ಟ್ರೋಕ್ ಇಂಜಿನ್ನಿನ ಶಕ್ತಿ ಹೆಚ್ಚಿಸುವ ಉಬ್ಬಿದ ಹೊಗೆಕೊಳವೆ) ಹಾಕಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಋತುವಿನಲ್ಲಿ ಅದನ್ನು ತಡೆದುಕೊಂಡು ಆ ಹಣವನ್ನು ಕ್ಲಚ್ ಪ್ಲೇಟು, ಚೈನು, ಟೈರು ಮತ್ತು ಬ್ರೇಕಿಗೆ ಹಾಕುವುದು ನನ್ನ ಸಲಹೆ. ಮೂಲ ಯಮಹಾದ ಮುಂಭಾಗದಲ್ಲಿ ಡಿಸ್ಕ್ ಇದ್ದರೆ ರಾಜದೂತ್‌ಗೆ ಬಂದುದು ಡ್ರಮ್. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಿಂದ ವಿಮಾನಪಟ್ಟಿಯ ಅಂಚಿನೊಳಗೆ ನಿಲ್ಲಿಸಬೇಕಾದುದೂ ಅದೇ ಡ್ರಮ್. ಹೊಳಪೇರಿದ ಲೈನರನ್ನು ಬದಲಿಸಿ, ಡ್ರಮ್ಮನ್ನು ಲೇತಿನಲ್ಲಿ ಸಮಗೊಳಿಸಿ, ಕೇಬಲ್ ಹೊಸದು ಹಾಕಿಸಿ. ಟೈರಿನ ಬದಿಯ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ತಯಾರಿಕೆಯ ವಾರವನ್ನೂ ಉಳಿದೆರಡು ವರ್ಷವನ್ನೂ ತಿಳಿಸುತ್ತವೆ. ಸಂದುಗಳ ಆಳ ಎಷ್ಟೇ ಉಳಿದಿದ್ದರೂ ಗಟ್ಟಿಯಾದ ಹಳೆಯ ಟೈರು ಬೇಡ. ಹಳೆಯ ಹೆಲ್ಮೆಟ್ಟಿಗೂ ಇದೇ ಮಾತು. ಮುಖ ಪೂರ್ತಿ ಮುಚ್ಚುವ ಹೊಸ ಹೆಲ್ಮೆಟ್, ಚರ್ಮದ ಸೂಟು, ಕೈಗವಸು, ಹರಡು ಮುಚ್ಚುವ ಬೂಟು ಬೇಕೇ ಬೇಕು.

ಗಾಡಿಯನ್ನು ಟೆಂಪೋದಲ್ಲಿ ಒಯ್ಯುವುದು ಜಾಣತನ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಹೇಗೂ ಪ್ರವೇಶವಿಲ್ಲ. ಹಳೆಯ ಹೆದ್ದಾರಿಯ ಘಾಟಿಯನ್ನು ಏರಿಸಿ ತಂದರೆ ಕ್ಲಚ್ಚು ಓಟಕ್ಕೆ ಮೊದಲೇ ಅರ್ಧ ದಣಿದಿರುತ್ತದೆ.

ಪಟ್ಟಿಯ ಆರಂಭದಲ್ಲಿ ನೀರು ಚೆಲ್ಲಿದ ಜಾಗವಿದ್ದರೆ ಅದಕ್ಕೆ ಚಕ್ರ ತಾಗಿಸದೆ ಪಕ್ಕದಿಂದ ಹೋಗಿ. ರಸ್ತೆಯ ಟೈರಿನ ಸಂದುಗಳು ನೀರನ್ನು ಹೊರಡುವ ಗೆರೆಯವರೆಗೂ ಒಯ್ಯುತ್ತವೆ. ಹೊರಡುವ ಗೆರೆಯ ಬಳಿ ಅಡ್ಡಲಾಗಿ ಹಾಯುವ ಬೆಳಕಿನ ಕಿರಣಗಳನ್ನು ಮುಂದಿನ ಚಕ್ರ ತಡೆದಂತೆ ದೀಪದ ಕಂಬದಲ್ಲಿ ಮೊದಲು ಪ್ರೀ-ಸ್ಟೇಜ್ ದೀಪ, ಸುಮಾರು 18 ಸೆಂಟಿಮೀಟರ್ ಮುಂದೆ ಸರಿದಾಗ ಸ್ಟೇಜ್ ದೀಪ ಹೊತ್ತುತ್ತದೆ. ಸ್ಟೇಜ್ ದೀಪ ಹೊತ್ತಿದೊಡನೆ ಅಲ್ಲೇ ನಿಲ್ಲುವುದನ್ನು, ಪ್ರತಿ ಬಾರಿಯೂ ಅದೇ ಜಾಗದಲ್ಲಿ ನಿಲ್ಲುವುದನ್ನು ರೂಢಿಸಿಕೊಳ್ಳಬೇಕು. ಫುಲ್ ಟ್ರೀ ಪದ್ಧತಿಯಲ್ಲಿ ಮೂರು ಹಳದಿ ದೀಪಗಳು ಅರ್ಧ ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದರಂತೆ, ಪ್ರೋ ಟ್ರೀಯಲ್ಲಿ ಮೂರೂ ಒಟ್ಟಿಗೆ ಹೊತ್ತಿ 0.4 ಸೆಕೆಂಡಿನ ನಂತರ ಹಸಿರು ಬರುತ್ತದೆ. ಫುಲ್ ಟ್ರೀಯಲ್ಲಿ ಹಸಿರಿಗೆ ಕಾಯುವವರು ತಡವಾಗುತ್ತಾರೆ. ಕೊನೆಯ ಹಳದಿಯನ್ನು ಕಂಡೇ ಕ್ಲಚ್ ಬಿಡಬೇಕು. ನಿಮ್ಮ ಓಟದ ಅವಧಿಯ ಗಣನೆ ಆರಂಭವಾಗುವುದು ದೀಪದಿಂದಲ್ಲ, ಮುಂದಿನ ಚಕ್ರ ಕಿರಣವನ್ನು ಬಿಟ್ಟ ಕ್ಷಣದಿಂದ. ಆದ್ದರಿಂದ ಒಳ್ಳೆಯ ಅವಧಿ ಪಡೆದವರೂ ತಡವಾಗಿ ಹೊರಟು ಸೋಲುವುದುಂಟು.

ಈ ಗಾಡಿಯ ಮುಂದಿನ ಚಕ್ರ ಸುಲಭವಾಗಿ ಏಳುತ್ತದೆ. ಎದೆಯನ್ನು ಟ್ಯಾಂಕಿಗೆ ಒತ್ತಿ, ಇಂಜಿನ್ನನ್ನು ಶಕ್ತಿ ಹುಟ್ಟುವ ಆರ್‌ಪಿಎಂನಲ್ಲಿ ಹಿಡಿದು, ಆಕ್ಸಿಲರೇಟರನ್ನು ಕಡಿಮೆ ಮಾಡದೆ ಕ್ಲಚ್ಚಿನಿಂದಲೇ ಹೊರಡುವ ರಭಸವನ್ನು ಅಳೆಯಬೇಕು. ಮೊದಲ ದಿನದ ಓಟಗಳನ್ನು ಅರ್ಧ ರಭಸದಲ್ಲೇ ಮುಗಿಸಿದರೆ ನಷ್ಟವೇನಿಲ್ಲ. ಪ್ರತಿ ಓಟದ ಅವಧಿ, ಕೊನೆಯ ವೇಗ, ಜೆಟ್, ಟೈರಿನ ಗಾಳಿ, ಹೊತ್ತು ಮತ್ತು ಸೆಕೆಯನ್ನು ಪುಸ್ತಕದಲ್ಲಿ ಬರೆದಿಡಿ. ಅವಧಿ ಕೆಟ್ಟಿದ್ದು ಕೊನೆಯ ವೇಗ ಹಾಗೆಯೇ ಉಳಿದಿದ್ದರೆ ದೋಷ ಹೊರಡುವ ಕ್ರಮದಲ್ಲಿದೆ. ವೇಗವೇ ಇಳಿದಿದ್ದರೆ ಇಂಜಿನ್ನನ್ನು ನೋಡಬೇಕು. ನಾಲ್ಕಾರು ಓಟಗಳ ಅವಧಿ ಒಂದರ ಪಕ್ಕ ಒಂದು ಬರತೊಡಗಿದ ಮೇಲೆ ಚೇಂಬರಿನ ಮಾತು ಎತ್ತಬಹುದು. ಮನೆಗೆ ಮರಳಿದ ಮೇಲೆ ಟ್ಯಾಂಕಿನಲ್ಲೂ ಕಾರ್ಬ್ಯುರೇಟರಿನ ಬಟ್ಟಲಿನಲ್ಲೂ ಉಳಿದ ಪೆಟ್ರೋಲನ್ನು ಪೂರ್ತಿ ಇಳಿಸಿಡಿ, ಏಕೆಂದರೆ ಮುಂಬಯಿಯ ತೇವದ ಗಾಳಿಯಲ್ಲಿ ಎಥನಾಲ್ ನೀರು ಹೀರಿಕೊಂಡು ಮುಂದಿನ ಕೂಟದೊಳಗೆ ಜೆಟ್‌ಗಳನ್ನು ಕಟ್ಟಿಸುತ್ತದೆ.