ಏಪ್ರಿಲ್‌ಗೆ ಜರ್ಮನಿಗೆ ಹೊರಟಿರುವ ನಮ್ಮ ಹಾಸನ, ಚಿಕ್ಕಮಗಳೂರಿನವರಿಗೆ

ಜರ್ಮನಿಯಿಂದ ರಜೆಗೆ ಅಂತ ಮೂಡಿಗೆರೆಗೆ ಬಂದಿದ್ದೇನೆ. ಬಂದಾಗಿನಿಂದ ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಫೋನ್ ಮಾಡುತ್ತಲೇ ಇದ್ದಾರೆ. ಜರ್ಮನಿಯ ಕಾಲೇಜುಗಳಲ್ಲಿ ಬೇಸಿಗೆ ಸೆಮಿಸ್ಟರ್ ಶುರುವಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ, ಅದಕ್ಕೇ ಈ ಗಡಿಬಿಡಿ. ಎಲ್ಲರೂ ಕೇಳುವುದು ಜಾಕೆಟ್ ಎಷ್ಟು ದಪ್ಪ ಇರಬೇಕು ಅಂತ. ಜಾಕೆಟ್ ಅಲ್ಲೇ ಸಿಗುತ್ತದೆ. ನಾನು ಹೇಳಬೇಕಿರುವುದು ಹುಲ್ಲಿನ ಬಗ್ಗೆ, ಅದರಲ್ಲಿ ಕೂತಿರುವ ಉಣುಗಿನ ಬಗ್ಗೆ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರದವರಿಗೆ ಮಂಗನ ಕಾಯಿಲೆ ಅಂದರೆ ಏನು ಅಂತ ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆ, ನಮ್ಮ ಜಿಲ್ಲೆಯಲ್ಲೂ ಜೀವ ತೆಗೆದಿದೆ. ಕಾಡಿಗೆ, ತೋಟಕ್ಕೆ ಹೋಗುವ ಮುಂಚೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಹೇಳುವುದು ಉಣುಗಿನ ಭಯಕ್ಕೇ ಅಲ್ವಾ? ಜಾತಿ ಬೇರೆಯಾದರೂ ಉಣುಗು ಜರ್ಮನಿಯಲ್ಲೂ ಇದೆ, ಅಲ್ಲಿ ತ್ಸೆಕೆ ಅನ್ನುತ್ತಾರೆ. ಅದು ಕಚ್ಚಿದರೆ ಬರಬಹುದಾದ ಎಫ್‌ಎಸ್‌ಎಂಇ ಅನ್ನುವ ಮೆದುಳು ಜ್ವರದ ವೈರಸ್ಸಿಗೂ ನಮ್ಮ ಮಂಗನ ಕಾಯಿಲೆ ವೈರಸ್ಸಿಗೂ ಹತ್ತಿರದ ನಂಟು, ಎರಡೂ ಒಂದೇ ಕುಟುಂಬದವು. ಚಳಿ ದೇಶದಲ್ಲಿ ಇಂಥದ್ದೆಲ್ಲ ಎಲ್ಲಿ ಅಂದುಕೊಳ್ಳಬೇಡಿ. ಏಳೆಂಟು ಡಿಗ್ರಿ ದಾಟಿದರೆ ಸಾಕು, ಉಣುಗು ಓಡಾಡಲು ಶುರು ಮಾಡುತ್ತದೆ, ನೀವಿನ್ನೂ ಸ್ವೆಟರ್ ಹಾಕಿಕೊಂಡೇ ಇರುತ್ತೀರಿ.

ಎಫ್‌ಎಸ್‌ಎಂಇಗೆ ಔಷಧ ಇಲ್ಲ, ಲಸಿಕೆ ಇದೆ. ನೀವು ಹೋಗುತ್ತಿರುವುದು ಬವೇರಿಯಾಕ್ಕೋ, ನಾನಿರುವ ಬಾಡೆನ್ ವ್ಯುರ್ಟೆಂಬರ್ಗ್‌ಗೋ ಆದರೆ ಹೆಚ್ಚುಕಡಿಮೆ ಇಡೀ ರಾಜ್ಯವೇ ಅಪಾಯದ ಪ್ರದೇಶದ ಪಟ್ಟಿಯಲ್ಲಿದೆ, ಅಲ್ಲಿ ವಾಸಿಸುವವರಿಗೆ ಸರ್ಕಾರಿ ಆರೋಗ್ಯ ವಿಮೆಯೇ ಲಸಿಕೆಯ ಖರ್ಚು ಕೊಡುತ್ತದೆ. ಮೂರು ಡೋಸ್. ಮೊದಲೆರಡರ ನಡುವೆ ಒಂದರಿಂದ ಮೂರು ತಿಂಗಳು, ಮೂರನೆಯದು ಅಲ್ಲಿಂದ ಒಂದು ವರ್ಷದೊಳಗೆ. ವಸಂತದಲ್ಲೇ ಇಳಿಯುವ ನಿಮಗೆ ಅಷ್ಟು ಪುರಸೊತ್ತು ಇರುವುದಿಲ್ಲ, ಹಾಗಾಗಿ ಎರಡನೆಯ ಡೋಸನ್ನು ಎರಡು ವಾರಕ್ಕೇ ಕೊಡುವ ಕ್ರಮವೂ ಇದೆ, ಡಾಕ್ಟರ ಹತ್ತಿರ ಕೇಳಿ. ಹೋದ ಮೊದಲ ತಿಂಗಳೇ ರೂಮಿನ ಹತ್ತಿರ ಒಬ್ಬ ಮನೆ ಡಾಕ್ಟರನ್ನು, ಅಲ್ಲಿನ ಮಾತಿನಲ್ಲಿ ಹೌಸ್‌ಆರ್ಟ್ಸ್ಟ್, ಗೊತ್ತು ಮಾಡಿಕೊಳ್ಳಿ. ಜ್ವರ ಬಂದ ಮೇಲೆ ಹುಡುಕಲು ಹೋದರೆ ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ ಅಂತ ಎಷ್ಟೋ ಕಡೆ ವಾಪಸ್ ಕಳಿಸುತ್ತಾರೆ.

ಉಣುಗಿನಿಂದ ಬರುವ ಇನ್ನೊಂದು ಕಾಯಿಲೆ ಬೊರೆಲಿಯೋಸೆ, ಇಂಗ್ಲಿಷ್‌ನಲ್ಲಿ ಲೈಮ್ ಅನ್ನುತ್ತಾರೆ. ಇದಕ್ಕೆ ಲಸಿಕೆ ಇಲ್ಲ, ಆದರೆ ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಲ್ಲಿ ವಾಸಿಯಾಗುತ್ತದೆ. ಇದು ಜರ್ಮನಿಯ ಎಲ್ಲ ಕಡೆ ಇದೆ, ಬರ್ಲಿನ್, ಹ್ಯಾಂಬರ್ಗ್‌ಗೆ ಹೋಗುವವರೂ ಓದಿಕೊಳ್ಳಿ. ಉಣುಗು ಮರದಿಂದ ಉದುರುವುದಿಲ್ಲ, ಹುಲ್ಲಿನ ತುದಿಯಲ್ಲಿ, ಪೊದೆಯಲ್ಲಿ ಕೂತು ನೀವು ಸವರಿಕೊಂಡು ಹೋಗುವುದನ್ನೇ ಕಾಯುತ್ತಿರುತ್ತದೆ. ಊರ ನಡುವಿನ ಪಾರ್ಕೂ ಸುರಕ್ಷಿತ ಅಲ್ಲ. ಉದ್ದ ಪ್ಯಾಂಟ್ ಹಾಕಿ ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಕೂಡಲೇ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲ ಅಂಚು ಎಲ್ಲ ನೋಡಿಕೊಳ್ಳಿ. ಬೊರೆಲಿಯೋಸೆಯ ಸೋಂಕು ದಾಟಲು ಸಾಮಾನ್ಯವಾಗಿ ಹಲವು ಗಂಟೆ ಬೇಕು, ಅದೇ ದಿನ ತೆಗೆದರೆ ಅಪಾಯ ತುಂಬಾ ಕಡಿಮೆ. ಎಫ್‌ಎಸ್‌ಎಂಇ ಹಾಗಲ್ಲ, ಕಚ್ಚಿದ ಸ್ವಲ್ಪ ಹೊತ್ತಿಗೇ ದಾಟಬಹುದು, ಅದಕ್ಕೇ ಲಸಿಕೆ ಬಿಡಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತೆಗೆಯುವಾಗ ದಯವಿಟ್ಟು ಸೀಮೆಎಣ್ಣೆ, ಸುಣ್ಣ, ಕೊಬ್ಬರಿಎಣ್ಣೆ ಏನೂ ಹಚ್ಚಬೇಡಿ. ಹಚ್ಚಿದರೆ ಅದು ಒದ್ದಾಡಿ ಒಳಗಿನದನ್ನೆಲ್ಲ ನಿಮ್ಮ ರಕ್ತಕ್ಕೇ ಕಕ್ಕಬಹುದು. ಔಷಧಿ ಅಂಗಡಿಯಲ್ಲಿ ಇದಕ್ಕೆಂದೇ ಸಣ್ಣ ಚಿಮಟ ಸಿಗುತ್ತದೆ. ಚರ್ಮಕ್ಕೆ ಅಂಟಿಸಿ ಹಿಡಿದು ನಿಧಾನವಾಗಿ ನೇರ ಎಳೆಯಿರಿ. ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ, ಫೋಟೋ ತೆಗೆದು ತಾರೀಖು ಬರೆದಿಡಿ. ಮುಂದಿನ ನಾಲ್ಕು ವಾರದಲ್ಲಿ ಅಲ್ಲಿ ಕೆಂಪು ಉಂಗುರ ಅಗಲವಾಗುತ್ತಾ ಬಂದರೆ, ಇಲ್ಲವೇ ಜ್ವರ ಬಂದರೆ, ಅದೇ ಫೋಟೋ ತೋರಿಸಿ.

ಉಣುಗಿನ ವಿಷಯದಲ್ಲಿ ಮಲೆನಾಡಿನ ಅನುಭವ ನಿಮ್ಮನ್ನು ಕಾಯುತ್ತದೆ, ಸೊಪ್ಪಿನ ವಿಷಯದಲ್ಲಿ ಅದೇ ಕೈಕೊಡುತ್ತದೆ. ನಾವು ಒಂದೆಲಗ, ಕೆಸ, ಚಗತೆ ಸೊಪ್ಪನ್ನು ಬೇಲಿಬದಿಯಿಂದ ಕಿತ್ತು ಅಡುಗೆ ಮಾಡಿದವರು. ಏಪ್ರಿಲ್‌ನಲ್ಲಿ ಅಲ್ಲಿನ ಕಾಡಿನ ನೆಲವೆಲ್ಲ ಬೆಳ್ಳುಳ್ಳಿ ವಾಸನೆಯ ಹಸಿರು ಎಲೆ. ಅದು ಬೇರ್‌ಲೌಖ್, ಅಲ್ಲಿನವರು ಬುಟ್ಟಿ ತುಂಬಾ ಕಿತ್ತು ಚಟ್ನಿ ಮಾಡುತ್ತಾರೆ, ನಿಮಗೂ ಕೈ ಹೋಗುತ್ತದೆ. ಅದರ ಪಕ್ಕದಲ್ಲೇ ಅದೇ ಥರದ ಎಲೆಯ ಹೆರ್ಬ್ಸ್ಟ್‌ಸೈಟ್‌ಲೋಸೆ ಬೆಳೆದಿರಬಹುದು. ಅದರಲ್ಲಿರುವುದು ಕಾಲ್ಚಿಸಿನ್, ನಮ್ಮ ಕಡೆ ಮಳೆಗಾಲದಲ್ಲಿ ಬೇಲಿ ಮೇಲೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿರುವ ವಿಷವೇ. ತಿಂದು ಸತ್ತವರಿದ್ದಾರೆ. ವಾಸನೆ ನೋಡಿ ಗುರುತಿಸುತ್ತೇನೆ ಅನ್ನುವುದು ನಡೆಯುವುದಿಲ್ಲ, ನಾಲ್ಕು ಎಲೆ ಕೀಳುವಷ್ಟರಲ್ಲಿ ಕೈಯೇ ಬೆಳ್ಳುಳ್ಳಿ ವಾಸನೆ ಹಿಡಿದಿರುತ್ತದೆ, ಆಮೇಲೆ ಯಾವ ಎಲೆ ಮೂಸಿದರೂ ಒಂದೇ. ಆಸೆಯಾದರೆ ಶನಿವಾರದ ಸಂತೆಯಲ್ಲಿ ಕೊಂಡುಕೊಳ್ಳಿ. ಅಣಬೆಗೂ ಇದೇ ಮಾತು.

ತಿಂದ ಮೇಲೆ ಅನುಮಾನ ಬಂದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ. ವಿಷದ ಸಹಾಯವಾಣಿ ಮ್ಯೂನಿಕ್‌ನಲ್ಲಿ 089 19240, ಫ್ರೈಬುರ್ಗ್‌ನಲ್ಲಿ 0761 19240, ಹಗಲೂ ರಾತ್ರಿಯೂ ಇರುತ್ತದೆ. ಪ್ರಾಣಕ್ಕೆ ಸಂಚಕಾರ ಅನ್ನಿಸಿದರೆ ಸೀದಾ 112, ನಮ್ಮಲ್ಲಿರುವ ನಂಬರೇ.

ಪರಾಗದ ಅಲರ್ಜಿ ಬಗ್ಗೆಯೂ ಸ್ವಲ್ಪ ಹೇಳಬೇಕು. ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾದಾಗ ನಡುವೆ ಓಡಾಡಿದವರು ನಾವು, ನಮಗೇನಾಗುತ್ತೆ ಅನ್ನಿಸುತ್ತದೆ. ಅಲ್ಲಿ ಏಪ್ರಿಲ್‌ನಲ್ಲಿ ಬರ್ಚ್ ಮರದ ಪರಾಗ, ಮೇ ತಿಂಗಳಿಂದ ಹುಲ್ಲಿನದ್ದು. ಮೊದಲ ವರ್ಷ ಏನೂ ಆಗದೆ ಎರಡು ಮೂರು ವರ್ಷದ ಮೇಲೆ ಶುರುವಾಗುವುದೂ ಇದೆ. ಸೀನು, ಕಣ್ಣು ನವೆ ವಾರಗಟ್ಟಲೆ ಬಿಡದಿದ್ದರೆ ನೆಗಡಿ ಅಂತ ಸುಮ್ನೆ ಕೂರಬೇಡಿ. ಹಸಿ ಸೇಬು ತಿಂದರೆ ಬಾಯಿ ನವೆಯಾಗುವುದೂ ಬರ್ಚ್ ಅಲರ್ಜಿಯ ಲಕ್ಷಣವೇ. ಸೆಟಿರಿಜಿನ್ ಚೀಟಿ ಇಲ್ಲದೆ ಸಿಗುತ್ತದೆ. ಮಲಗುವ ಮುಂಚೆ ತಲೆಸ್ನಾನ ಮಾಡಿ, ಹೊರಗೆ ಹಾಕಿದ್ದ ಬಟ್ಟೆ ಮಲಗುವ ಕೋಣೆಗೆ ತರಬೇಡಿ. ಉಸಿರಾಡುವಾಗ ಸುಂಯ್ ಅನ್ನುವ ಸದ್ದು ಬಂದರೆ ಮಾತ್ರೆ ಸಾಲದು, ಡಾಕ್ಟರಿಗೆ ತೋರಿಸಿ.

ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನಿದ್ದೆ ಒಂದೆರಡು ದಿನ ಕೆಡುತ್ತದೆ. ಮೇ ಮಧ್ಯದವರೆಗೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬರಬಹುದು, ದಪ್ಪ ಬಟ್ಟೆ ಕಟ್ಟಿಡಬೇಡಿ.

ಈಸ್ಟರ್ ಹೊತ್ತಿಗೆ ಮಾತ್ರ ಎಚ್ಚರ. ಗುಡ್ ಫ್ರೈಡೇ, ಭಾನುವಾರ, ಸೋಮವಾರ ಅಂಗಡಿ, ಕ್ಲಿನಿಕ್ ಎಲ್ಲ ಮುಚ್ಚಿರುತ್ತವೆ, ನಡುವಿನ ಶನಿವಾರ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಬಿಪಿ, ಥೈರಾಯ್ಡ್, ಆಸ್ತಮಾ ಔಷಧಿ ತೆಗೆದುಕೊಳ್ಳುವವರು ಬುಧವಾರವೇ ತಂದಿಟ್ಟುಕೊಳ್ಳಿ. ತುರ್ತಲ್ಲದ ಕಾಯಿಲೆಗೆ ಆ ದಿನಗಳಲ್ಲಿ 116117ಕ್ಕೆ ಫೋನ್ ಮಾಡಿದರೆ ಕೆಲಸದಲ್ಲಿರುವ ಡಾಕ್ಟರನ್ನು ತಿಳಿಸುತ್ತಾರೆ. ಔಷಧಿ ಅಂಗಡಿಗಳಲ್ಲಿ ಸರದಿ ಪ್ರಕಾರ ಒಂದಲ್ಲ ಒಂದು ರಾತ್ರಿಯೂ ತೆರೆದಿರುತ್ತದೆ, ಯಾವುದು ಅನ್ನುವುದನ್ನು ಮುಚ್ಚಿದ ಅಂಗಡಿಯ ಬಾಗಿಲಿಗೇ ಅಂಟಿಸಿರುತ್ತಾರೆ.